ಕ್ವಿಲ್ಟ್ ಅಂಚಿಗೆ ಔರಿಫಿಲ್ 80: ಹೊಲಿಗೆ ಕಾಣದಿರಲು ಯಾವ ದಾರ, ಯಾವ ಸೂಜಿ

ಸೀರೆಗೆ ಫಾಲ್ ಹಾಕಿ ಅಭ್ಯಾಸ ಇರುವವರಿಗೆ ಕ್ವಿಲ್ಟ್ ಬೈಂಡಿಂಗ್‌ನ, ಅಂದರೆ ಒಳಗೆ ಹತ್ತಿ ಪದರವಿಟ್ಟು ಹೊಲಿದ ಹೊದಿಕೆಯ ಅಂಚಿಗೆ ಸುತ್ತುವ ಬಟ್ಟೆಪಟ್ಟಿಯ, ಕೈಹೊಲಿಗೆ ಅರ್ಧ ಗೊತ್ತಿದ್ದಂತೆಯೇ. ಉಳಿದ ಅರ್ಧದಲ್ಲೇ ತಪ್ಪುವುದು. ಫಾಲ್‌ನ ಹೊಲಿಗೆ ಸೀರೆಯ ಹೊರಮೈಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿಯಾಗಿ ಉಳಿದರೂ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ಕ್ವಿಲ್ಟ್‌ಗೆ ನೆರಿಗೆ ಇಲ್ಲ. ಹಾಸಿಗೆಯ ಮೇಲೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ, ಮಡಚಿಟ್ಟಾಗ ಎಲ್ಲಕ್ಕಿಂತ ಮೊದಲು ಕಾಣುವುದೂ ಅಂಚೇ. ಅಲ್ಲಿ ಹೊಲಿಗೆ ಕಾಣಬಾರದು ಅಂದರೆ ದಾರ, ಸೂಜಿ, ಕೈ ಮೂರೂ ಸರಿ ಇರಬೇಕು. ಈ ವಿಮರ್ಶೆ ಮುಖ್ಯವಾಗಿ ಇಟಲಿಯ ಔರಿಫಿಲ್ ಕಂಪನಿಯ 80 ತೂಕದ ಹತ್ತಿ ದಾರದ ಬಗ್ಗೆ. ಅದರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಬೇರೆ ದಾರಗಳು, ಸೂಜಿಗಳು, ಕ್ಲಿಪ್‌ಗಳ ಮಾತೂ ನಡುವೆ ಬರುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹತ್ತಿ ಬಟ್ಟೆಯ ಬೈಂಡಿಂಗ್‌ಗೆ ಇದಕ್ಕಿಂತ ಒಪ್ಪುವ ಹತ್ತಿ ದಾರ ಸಿಗುವುದು ಕಷ್ಟ. ಆದರೆ ಟೇಲರ್ ಅಂಗಡಿಯ ಮಾಮೂಲಿ ರೀಲಿನಿಂದ ಓರೆಕೋರೆ ಹೊಲಿಯುವ ಕೈ ಇದರಿಂದಲೂ ಓರೆಕೋರೆಯೇ ಹೊಲಿಯುತ್ತದೆ. ದಾರ ಬದಲಿಸಿ ಹೊಲಿಗೆ ಸುಧಾರಿಸಬಹುದು ಎಂದುಕೊಂಡು ಕೊಳ್ಳುವವರು ಮೊದಲು ಸೂಜಿ ಎಲ್ಲಿ ಒಳಹೋಗುತ್ತಿದೆ ಎಂದು ನೋಡಿಕೊಳ್ಳಲಿ.

ದಾರದ ‘ತೂಕ’ ಎಂಬ ಈ ಸಂಖ್ಯೆಯ ಲೆಕ್ಕ ತಿರುಗುಮುರುಗು: ಸಂಖ್ಯೆ ದೊಡ್ಡದಾದಷ್ಟೂ ಎಳೆ ಸಣ್ಣ. ಔರಿಫಿಲ್‌ನಲ್ಲಿ 12 ದಪ್ಪ, ಆಮೇಲೆ 28, 40, 50, ಕೊನೆಗೆ 80. ಕ್ವಿಲ್ಟ್ ಮಾಡುವವರ ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಕಿತ್ತಳೆ ಬಣ್ಣದ ರೀಲಿನ 50. ತುಂಡು ಜೋಡಿಸುವುದಕ್ಕೂ, ಬೈಂಡಿಂಗನ್ನು ಮುಂಬದಿಗೆ ಮಿಷನ್‌ನಲ್ಲಿ ಹಚ್ಚುವುದಕ್ಕೂ ಅದೇ ಸಾಕು. ಹಿಂಬದಿಯ ಕೈಹೊಲಿಗೆಗೂ ಅದನ್ನೇ ಬಳಸುವವರು ಬಹಳ ಮಂದಿ, ಬಳಸಿದರೆ ತಪ್ಪೂ ಇಲ್ಲ. 80ರ ಎಳೆ ಅದಕ್ಕಿಂತ ಎದ್ದು ಕಾಣುವಷ್ಟು ಸಣ್ಣದು. ಮಡಿಕೆಯ ಅಂಚಿನಲ್ಲಿ ಹತ್ತಿ ನೂಲಿನ ನಡುವೆಯೇ ಹುದುಗಿಕೊಳ್ಳುತ್ತದೆ. ಹತ್ತಿಯಾದ್ದರಿಂದ ಹೊಳಪಿಲ್ಲ, ಬಟ್ಟೆಯ ಹಾಗೆಯೇ ಮಂಕಾಗಿರುತ್ತದೆ. ಹೊಲಿಗೆ ಕಾಣದಿರುವುದರಲ್ಲಿ ಸಣ್ಣತನದಷ್ಟೇ ಪಾಲು ಈ ಮಂಕುತನದ್ದೂ ಇದೆ.

ಸಂಖ್ಯೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಬೇರೆ ಬೇರೆ ಕಂಪನಿ, ಬೇರೆ ಬೇರೆ ನಾರಿನ ಸಂಖ್ಯೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಲಾಗದು. ರೇಷ್ಮೆಯ 100, ಪಾಲಿಯೆಸ್ಟರ್‌ನ 100, ಹತ್ತಿಯ 80 ಇವುಗಳನ್ನು ಲೇಬಲ್ ನೋಡಿ ಹೋಲಿಸಬೇಡಿ. ಒಂದೊಂದು ಎಳೆ ಎಳೆದು ಬೈಂಡಿಂಗ್ ಬಟ್ಟೆಯ ಮೇಲೆ ಇಟ್ಟು ನೋಡಿದರೆ ಗೊತ್ತಾಗುತ್ತದೆ.

80 ತೂಕದ ದಾರ ಮರದ ಸಣ್ಣ ರೀಲಿನಲ್ಲಿ ಬರುತ್ತದೆ, ಒಂದರಲ್ಲಿ 274 ಮೀಟರ್. ದುಬಾರಿ ಎಂದು ಹಿಂದೇಟು ಹಾಕುವವರು ಈ ಲೆಕ್ಕ ಹಾಕಿ ನೋಡಲಿ. 60 × 80 ಇಂಚಿನ ಕ್ವಿಲ್ಟ್‌ನ ಸುತ್ತಳತೆ 280 ಇಂಚು. 45 ಸೆಂ.ಮೀ. ದಾರದಲ್ಲಿ ಗಂಟಿಗೆ, ಮುಗಿಸುವುದಕ್ಕೆ ಬಿಟ್ಟು ಸುಮಾರು 11 ಇಂಚು ಅಂಚು ಹೊಲಿಯಬಹುದು. ಅಂದರೆ ಒಟ್ಟು 25–26 ಸಲ ದಾರ ಪೋಣಿಸಬೇಕು, ಖರ್ಚಾಗುವುದು ಹೆಚ್ಚುಕಡಿಮೆ 12 ಮೀಟರ್. ಒಂದು ರೀಲಿನಲ್ಲಿ ಇಪ್ಪತ್ತು ಕ್ವಿಲ್ಟ್ ಮುಗಿಯುತ್ತವೆ. ಬಟ್ಟೆಗೆ, ಒಳಗಿನ ಹತ್ತಿ ಪದರಕ್ಕೆ ಕೊಟ್ಟ ದುಡ್ಡಿನ ಪಕ್ಕದಲ್ಲಿ ಇದು ಲೆಕ್ಕಕ್ಕೇ ಬಾರದು. ಖರ್ಚು ಏರುವುದು ಬಣ್ಣಗಳ ಸಂಖ್ಯೆಯಿಂದ, ಪ್ರತಿ ಬೈಂಡಿಂಗ್‌ಗೂ ಹೊಸ ರೀಲು ಕೊಳ್ಳಲು ಹೊರಟರೆ ಮಾತ್ರ.

ಅದಕ್ಕೇ ಬಣ್ಣದ ಆಯ್ಕೆಯಲ್ಲಿ ತಲೆ ಓಡಿಸಬೇಕು. ದಾರ ಹೊಂದಬೇಕಾದದ್ದು ಬೈಂಡಿಂಗ್ ಪಟ್ಟಿಗೆ, ಹಿಂಬದಿಯ ಬಟ್ಟೆಗಲ್ಲ. ಇದನ್ನು ತಿರುಗಿಸಿ ಮಾಡಿದವರ ಕ್ವಿಲ್ಟ್‌ನಲ್ಲಿ ಮಡಿಕೆಯುದ್ದಕ್ಕೂ ಚುಕ್ಕಿಸಾಲು ಎದ್ದು ಕುಳಿತಿರುತ್ತದೆ, ಯಾಕೆಂದರೆ ದಾರ ಹೊರಗೆ ಇಣುಕುವ ಜಾಗವೇ ಪಟ್ಟಿಯ ಮಡಿಕೆ. ಸರಿಯಾದ ಬಣ್ಣ ಸಿಗದಿದ್ದರೆ ಒಂದು ಛಾಯೆ ಗಾಢವಾದದ್ದನ್ನು ಆರಿಸಿ. ರೀಲಿನ ಮೇಲೆ ಗಾಢವಾಗಿ ಕಂಡ ದಾರ ಒಂಟಿ ಎಳೆಯಾದಾಗ ತಿಳಿಯಾಗುತ್ತದೆ. ಚಿಕ್ಕಪೇಟೆಯಲ್ಲಿ ಬ್ಲೌಸಿಗೆ ಮ್ಯಾಚಿಂಗ್ ದಾರ ಹುಡುಕುವಾಗ ಮಾಡುವಂತೆ ಬಟ್ಟೆಯ ತುಂಡು ಒಯ್ದು, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡದೆ ಬಾಗಿಲಾಚೆ ಬಿಸಿಲಲ್ಲಿ ಹಿಡಿದು ನೋಡಿ. ಹಲವು ಬಣ್ಣದ ತುಂಡುಗಳಿಂದ ಜೋಡಿಸಿದ ಪಟ್ಟಿಗೆ, ಗೆರೆಗೆರೆ ಬಟ್ಟೆಗೆ ಬೂದು ಬಣ್ಣವೇ ಸರಿ. ಔರಿಫಿಲ್ ಪಟ್ಟಿಯ 2600 ಸಂಖ್ಯೆಯ ‘ಡವ್’ ಎಂಬ ತಿಳಿಬೂದಿ ಎಷ್ಟೋ ಬಣ್ಣಗಳಲ್ಲಿ ಕರಗಿಹೋಗುತ್ತದೆ. ಬೂದಿ, ಕೆನೆಬಿಳಿ, ಗಾಢ ನೀಲಿ, ಮರೂನ್ ಈ ನಾಲ್ಕು ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ.

ಇನ್ನು ಕೊರತೆಗಳು. ಇಷ್ಟು ಸಣ್ಣ ಹತ್ತಿ ಎಳೆ ಜಗ್ಗಿದರೆ ತುಂಡಾಗುತ್ತದೆ. ಅದೇ ಉದ್ದದ ದಾರ ಮತ್ತೆ ಮತ್ತೆ ಬಟ್ಟೆಯೊಳಗೆ ಹಾದಾಗ ಸೂಜಿಕಣ್ಣಿನ ಹತ್ತಿರ ಜೂಲು ಬಿಡುತ್ತದೆ. 45 ಸೆಂ.ಮೀ.ಗಿಂತ ಉದ್ದ ಕತ್ತರಿಸಬೇಡಿ ಎನ್ನುವುದು ಅದಕ್ಕಾಗಿ. ಮೊಳಗಟ್ಟಲೆ ಪೋಣಿಸಿಕೊಂಡರೆ ಸಮಯ ಉಳಿಯುತ್ತದೆ ಅನ್ನಿಸಬಹುದು. ಕೊನೆಯ ಅರ್ಧ ಭಾಗ ಗಂಟು ಬಿಡಿಸುವುದರಲ್ಲೇ ಹೋಗುತ್ತದೆ. ರೀಲಿನಿಂದ ಮೊದಲು ಹೊರಬಂದ ತುದಿಯನ್ನು ಸೂಜಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ಹುರಿ ಏರಿ ದಾರ ಸುತ್ತಿಕೊಳ್ಳತೊಡಗಿದರೆ ಸೂಜಿಯನ್ನು ಗಾಳಿಯಲ್ಲಿ ತೂಗಬಿಡಿ, ತಾನೇ ತಿರುಗಿ ಸಡಿಲವಾಗುತ್ತದೆ. ಮಕ್ಕಳು ಎಳೆದಾಡುವ, ವಾರಕ್ಕೊಮ್ಮೆ ವಾಷಿಂಗ್ ಮಷೀನಿಗೆ ಬೀಳುವ ಕ್ವಿಲ್ಟ್ ಆದರೆ 80ರ ಬದಲು 50 ಹಾಕಿ, ಇಲ್ಲವೇ ಪಾಲಿಯೆಸ್ಟರ್‌ಗೆ ಹೋಗಿ.

ಪಾಲಿಯೆಸ್ಟರ್ ಅಂದರೆ ಸುಪೀರಿಯರ್ ಥ್ರೆಡ್ಸ್‌ನ 60 ತೂಕದ ಬಾಟಮ್ ಲೈನ್, ಅಥವಾ ವಂಡರ್‌ಫಿಲ್‌ನ 80 ತೂಕದ ಡೆಕೊಬಾಬ್ ಮತ್ತು 100 ತೂಕದ ಇನ್ವಿಸಾಫಿಲ್. ಬಾಟಮ್ ಲೈನ್ ಗಟ್ಟಿ, ಜೂಲು ಬಿಡುವುದಿಲ್ಲ, ಆದರೆ ಬೆಳಕಿಗೆ ಹಿಡಿದರೆ ಸಣ್ಣ ಮಿಂಚು. ಗಾಢ ಬಣ್ಣದ ಪಟ್ಟಿಯಲ್ಲಿ ಆ ಮಿಂಚು ಗೊತ್ತಾಗುತ್ತದೆ, ತಿಳಿ ಬಣ್ಣದಲ್ಲಿ ಆಗುವುದಿಲ್ಲ. ಇನ್ವಿಸಾಫಿಲ್ ಮಂಕು, ಮಾಯವಾಗುವುದರಲ್ಲಿ ಔರಿಫಿಲ್ 80ಕ್ಕೆ ಸರಿಜೋಡಿ. ಬಾಟಮ್ ಲೈನ್, ಇನ್ವಿಸಾಫಿಲ್ ಎರಡಕ್ಕೂ ಒಂದೇ ದೋಷ: ನುಣುಪು ದಾರವಾದ್ದರಿಂದ ಗಂಟು ಜಾರುತ್ತದೆ. ಒಂಟಿ ಗಂಟು ಹಾಕಿ ಬಿಟ್ಟರೆ ನಾಲ್ಕು ಒಗೆತಕ್ಕೆ ಬಿಚ್ಚಿಕೊಂಡಿರುತ್ತದೆ. ಎರಡು ಗಂಟು ಹಾಕಿ, ಅದರ ಮೇಲೊಂದು ಹಿಮ್ಮುಖ ಹೊಲಿಗೆ ಹಾಕಬೇಕು.

ವೈಎಲ್‌ಐ ಕಂಪನಿಯ 100 ಸಂಖ್ಯೆಯ ರೇಷ್ಮೆ ದಾರವನ್ನು ಅಪ್ಲಿಕ್ (ಬಟ್ಟೆಯ ಮೇಲೆ ಬಟ್ಟೆತುಂಡು ಇಟ್ಟು ಹೊಲಿಯುವ ಕೆಲಸ) ಮಾಡುವವರು ಬಿಟ್ಟುಕೊಡುವುದಿಲ್ಲ. ಬೆಣ್ಣೆಯೊಳಗೆ ಕೂದಲು ಎಳೆದಂತೆ ಹೋಗುತ್ತದೆ, ಹೊಲಿದ ಜಾಗ ಹುಡುಕಬೇಕು. ಗೋಡೆಗೆ ತೂಗುಹಾಕುವ ಕ್ವಿಲ್ಟ್‌ಗೆ ಇದು ಸೊಗಸು. ಹೊದೆಯುವ ಕ್ವಿಲ್ಟ್‌ಗೆ ಬೇಡ. ರೇಷ್ಮೆ ಪ್ರೋಟೀನಿನ ನಾರು. ಕಲೆ ತೆಗೆಯಲೆಂದು ಪ್ರೋಟೀನ್ ಒಡೆಯುವ ಕಿಣ್ವ ಸೇರಿಸಿದ ಬಟ್ಟೆ ಸೋಪಿನ ಪುಡಿಗಳು ಅದನ್ನೂ ತಿನ್ನುತ್ತವೆ. ರೇಷ್ಮೆ ಸೀರೆಯನ್ನು ಯಾವ ಪುಡಿಯಲ್ಲಿ ಅದ್ದುವುದಿಲ್ಲವೋ ಆ ಪುಡಿಯಲ್ಲೇ ಕ್ವಿಲ್ಟ್ ಒಗೆಯುತ್ತೇವೆ ಎನ್ನುವುದು ನೆನಪಿರಲಿ.

‘ಇನ್ವಿಸಿಬಲ್’ ಎಂದೇ ಹೆಸರಿಟ್ಟು ಮಾರುವ ಪ್ಲಾಸ್ಟಿಕ್ ಒಂಟಿ ಎಳೆ ದಾರ ಕೈಹೊಲಿಗೆಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಮಿಷನ್ ಕ್ವಿಲ್ಟಿಂಗ್‌ಗೆ ಅದರದೇ ಜಾಗ ಇದೆ. ಕೈಯಲ್ಲಿ ಅದು ಸ್ಪ್ರಿಂಗಿನಂತೆ ಪುಟಿಯುತ್ತದೆ, ಗಂಟು ನಿಲ್ಲುವುದಿಲ್ಲ, ಕತ್ತರಿಸಿದ ತುದಿ ಚರ್ಮಕ್ಕೆ ಚುಚ್ಚುತ್ತದೆ, ನೈಲಾನ್ ಆದರೆ ಬಿಸಿ ಇಸ್ತ್ರಿಗೆ ಕರಗುತ್ತದೆ. ಟೇಲರ್ ಅಂಗಡಿಯ ಸ್ಪನ್ ಪಾಲಿಯೆಸ್ಟರ್ ರೀಲು ಇದಕ್ಕಿಂತ ಎಷ್ಟೋ ವಾಸಿ. ದಪ್ಪವಾದ್ದರಿಂದ ಒಂದಿಷ್ಟು ಕಾಣುತ್ತದೆ, ಆದರೆ ಬಣ್ಣ ಸರಿಯಾಗಿ ಹೊಂದಿದರೆ ಎರಡಡಿ ದೂರದಿಂದ ಯಾರಿಗೂ ಗೊತ್ತಾಗದು. ಕಲಿಯುವವರು ಅದರಲ್ಲೇ ಕೈ ಪಳಗಿಸಿಕೊಳ್ಳಲಿ.

ಸೂಜಿಯ ವಿಷಯಕ್ಕೆ ಬಂದರೆ, ದಾರಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವುದು ಇದೇ. ಸಣ್ಣ ದಾರಕ್ಕೆ ದಪ್ಪ ಸೂಜಿ ಹಾಕಿದರೆ ತೂತು ದೊಡ್ಡದು, ಎಳೆ ಅದರೊಳಗೆ ಅಲ್ಲಾಡುತ್ತದೆ, ಹೊಲಿಗೆ ಕಾಣುತ್ತದೆ. 80ರ ದಾರಕ್ಕೆ ಹೊಂದುವುದು ಸ್ಟ್ರಾ ಅಥವಾ ಮಿಲಿನರ್ಸ್ ಎಂದು ಕರೆಯುವ 10 ಅಥವಾ 11ನೇ ನಂಬರಿನ ಸೂಜಿ. ಉದ್ದ, ತೆಳು, ಕಣ್ಣಿನ ಹತ್ತಿರವೂ ಉಬ್ಬಿಲ್ಲ, ಹಾಗಾಗಿ ಮಡಿಕೆಯೊಳಗೆ ಸಲೀಸಾಗಿ ಜಾರುತ್ತದೆ. ಜಾನ್ ಜೇಮ್ಸ್, ಫ್ರಾನ್ಸಿನ ಬೊಯಾಂ, ಗಾಜಿನ ನಳಿಗೆಯಲ್ಲಿ ಬರುವ ಜಪಾನಿನ ಟ್ಯೂಲಿಪ್ ಇವು ಮೂರೂ ಒಳ್ಳೆಯವೇ. ಟ್ಯೂಲಿಪ್‌ನ ನಯ ಬೇರೆಯೇ ಮಟ್ಟದ್ದು, ಬೆಲೆಯೂ. ಕ್ವಿಲ್ಟಿಂಗ್‌ಗೆ ಬಳಸುವ ಬಿಟ್ವೀನ್ಸ್ ಎಂಬ ಗಿಡ್ಡ ಸೂಜಿಗಳಿಂದಲೂ ಕೆಲವರು ಬೈಂಡಿಂಗ್ ಮುಗಿಸುತ್ತಾರೆ. ಬ್ಲೌಸ್ ಹೆಮ್ಮಿಂಗ್, ಫಾಲ್ ಮಾಡಿ ಪಳಗಿದ ಕೈಗೆ ಉದ್ದ ಸೂಜಿಯೇ ಹಿತ. ಬಾಟಿಕ್‌ನಂಥ ಒತ್ತು ನೇಯ್ಗೆಯ ಬಟ್ಟೆಯಲ್ಲಿ, ಮೂಲೆಯ ದಪ್ಪದಲ್ಲಿ ತೆಳು ಸೂಜಿ ಬಾಗುತ್ತದೆ. ಅಲ್ಲಿಗೆ 9ನೇ ನಂಬರು ಇಟ್ಟುಕೊಳ್ಳಿ. ಅಂಗುಸ್ತಾನ ಬೇಡವೆನ್ನುವವರು ಇಂಥ ಸಪೂರ ಸೂಜಿಯ ಹಿಂಬದಿ ಬೆರಳಿಗೆ ಇಳಿದ ಮೇಲೆ ಮನಸ್ಸು ಬದಲಿಸುತ್ತಾರೆ. ಚರ್ಮದ್ದು ಲೋಹದ್ದಕ್ಕಿಂತ ಕೈಗೆ ಹಗುರ.

11ರ ಸೂಜಿಕಣ್ಣು ನಲವತ್ತು ದಾಟಿದ ಕಣ್ಣಿಗೆ ಶಿಕ್ಷೆ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ದಾರ ಒದ್ದೆ ಮಾಡುವ ಬದಲು ಸೂಜಿಕಣ್ಣಿಗೆ ತುಸು ನೀರು ಹಚ್ಚಿ ಪೋಣಿಸಿದರೆ ಬೇಗ ಹೋಗುತ್ತದೆ. ಕೂತ ಕೂಡಲೇ ಹತ್ತು ಸೂಜಿಗೆ ದಾರ ಪೋಣಿಸಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸೂಜಿಯನ್ನು ಕ್ವಿಲ್ಟ್‌ಗೇ ಚುಚ್ಚಿಟ್ಟು ಎದ್ದುಹೋಗಬೇಡಿ: ಒಂದೆರಡು ದಿನದಲ್ಲಿ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಅಂಟಿಸುತ್ತದೆ, ಆ ಕಲೆ ಸೋಪಿಗೆ ಬಗ್ಗುವುದಲ್ಲ.

ಕ್ಲಿಪ್‌ಗೆ ಹೆಚ್ಚು ಮಾತು ಬೇಡ. ಕ್ಲೋವರ್‌ನ ವಂಡರ್ ಕ್ಲಿಪ್ ಚೆನ್ನಾಗಿದೆ. ತಳ ಚಪ್ಪಟೆ, ಅದರ ಮೇಲೆ ಅಳತೆಯ ಗೆರೆಗಳೂ ಇವೆ. ಅದರ ಅಗ್ಗದ ನಕಲುಗಳೂ ಬೈಂಡಿಂಗ್ ಹಿಡಿದುಕೊಳ್ಳುತ್ತವೆ. ಹೆಣ್ಣುಮಕ್ಕಳ ತಲೆಗೆ ಹಾಕುವ ಟಿಕ್‌ಟಿಕ್ ಕ್ಲಿಪ್ಪನ್ನೂ ಕ್ವಿಲ್ಟ್ ಮಾಡುವವರು ಬಹಳ ಹಿಂದಿನಿಂದ ಬಳಸುತ್ತ ಬಂದಿದ್ದಾರೆ. ಇಡೀ ಸುತ್ತಳತೆಗೆ ನೂರು ಕ್ಲಿಪ್ ಸಿಕ್ಕಿಸುವ ಅಗತ್ಯವಿಲ್ಲ, 15 ಸಾಕು. ಎರಡು–ಮೂರು ಇಂಚಿಗೊಂದರಂತೆ ಮುಂದಿನ ಮೂರಡಿಯಷ್ಟು ಜಾಗ ಹಿಡಿದು, ಹೊಲಿದಂತೆ ಮುಂದಕ್ಕೆ ಸಾಗಿಸುತ್ತ ಹೋಗಿ. ಗುಂಡುಪಿನ್ ಮಾತ್ರ ಬೇಡ. ಪ್ರತಿ ಹೊಲಿಗೆಗೂ ದಾರ ಅದಕ್ಕೇ ಸುತ್ತಿಕೊಳ್ಳುತ್ತದೆ.

ಈಗ ಈ ಸಾಮಾನೆಲ್ಲ ಕೆಲಸಕ್ಕೆ ಬರಬೇಕಾದರೆ ಪಟ್ಟಿ ಸರಿಯಾಗಿ ಕೂತಿರಬೇಕು. ತೆಳು ಹತ್ತಿ ಪದರದ ಕ್ವಿಲ್ಟ್‌ಗೆ 2¼ ಇಂಚಿನ ಪಟ್ಟಿ, ಉಬ್ಬಿದ ಪದರಕ್ಕೆ 2½. ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ, ಕ್ವಿಲ್ಟ್‌ನ ಮುಂಬದಿಯಲ್ಲಿ ಕತ್ತರಿಸಿದ ಅಂಚುಗಳನ್ನು ಸೇರಿಸಿ ¼ ಇಂಚಿಗೆ ಮಿಷನ್ ಹೊಲಿಗೆ. ಬಟ್ಟೆಯ ಲೆಕ್ಕ ಹೀಗೆ: ಮೇಲಿನ 280 ಇಂಚಿಗೆ ಮೂಲೆ, ಜೋಡಣೆಗೆಂದು 12 ಸೇರಿಸಿ 292. 44 ಇಂಚು ಅಗಲದ ಬಟ್ಟೆಯಲ್ಲಿ ಅಂಚು ಬಿಟ್ಟು 40 ಸಿಕ್ಕಿದರೆ 8 ಪಟ್ಟಿ ಬೇಕು, ಅಂದರೆ 18 ಇಂಚು. ಅರ್ಧ ಮೀಟರ್ ತಂದರೆ ಸಾಕು. 36 ಇಂಚು ಅಗಲದ ಕೈಮಗ್ಗದ ಬಟ್ಟೆಯಾದರೆ 9 ಅಲ್ಲ, 10 ಪಟ್ಟಿ ಕತ್ತರಿಸಿ, ಓರೆ ಜೋಡಣೆಯೊಂದಕ್ಕೆ ಎರಡು ಇಂಚಿಗೂ ಹೆಚ್ಚು ತಿನ್ನುತ್ತದೆ. ಮುಕ್ಕಾಲು ಮೀಟರ್ ತಂದುಬಿಡಿ. ಕೆಂಪು, ಮರೂನ್, ಇಂಡಿಗೊ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆಯಿರಿ. ಬಣ್ಣ ಬಿಟ್ಟರೆ ಬಿಳಿ ಹಿಂಬದಿ ಹಾಳು.

ಪಟ್ಟಿಯನ್ನು ಹಿಂದಕ್ಕೆ ಮಗುಚಿದಾಗ ಅದರ ಮಡಿಕೆ ಮಿಷನ್ ಹೊಲಿಗೆಯ ಗೆರೆಯನ್ನು 2–3 ಮಿ.ಮೀ. ದಾಟಿ ಮುಚ್ಚಬೇಕು. ಕಡಿಮೆಯಾದರೆ ಮಿಷನ್ ದಾರ ಇಣುಕುತ್ತದೆ. ಹೆಚ್ಚಾದರೆ ಕೈಗೆ ದಾರಿ ತೋರಿಸುವ ಗೆರೆ ತಪ್ಪಿ ಅಂಚು ಹಾವಿನಂತೆ ಹರಿಯುತ್ತದೆ. ಮಗುಚುವ ಮೊದಲು ಪಟ್ಟಿಯನ್ನು ಹೊರಮುಖವಾಗಿ ಇಸ್ತ್ರಿ ಒತ್ತಿ, ಒಳಗಿನ ಹತ್ತಿ ಪದರ ಪಟ್ಟಿಯ ತುದಿಯವರೆಗೂ ತುಂಬಿದೆಯೇ ಎಂದು ಬೆರಳಲ್ಲಿ ಅದುಮಿ ನೋಡಿ. ಟೊಳ್ಳು ಅಂಚು ಬೇಗ ಸವೆಯುತ್ತದೆ. ಕ್ವಿಲ್ಟ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಬೈಂಡಿಂಗ್ ಹಿಡಿದು ನೋಡುವಾಗಲೂ ಮೊದಲು ಬೆರಳು ಹೋಗುವುದು ಅಲ್ಲಿಗೇ.

ಹೊಲಿಗೆ ಏಣಿಯ ಹಾಗೆ. ಗಂಟನ್ನು ಪಟ್ಟಿಯ ಒಳಗೆ ಅವಿಸಿ, ಸೂಜಿಯನ್ನು ಮಡಿಕೆಯ ತುತ್ತತುದಿಯಲ್ಲಿ ಹೊರತನ್ನಿ. ದಾರ ಹೊರಬಂದ ಜಾಗದ ನೇರ ಎದುರಿಗೆ, ಮಿಷನ್ ಗೆರೆಯ ಪಕ್ಕದಲ್ಲೇ, ಹಿಂಬದಿಯ ಬಟ್ಟೆಗೆ ಇಳಿಸಿ. ಬಟ್ಟೆ ಮತ್ತು ಒಂದಿಷ್ಟು ಹತ್ತಿಯನ್ನು ಹಿಡಿದು ಒಳಗೊಳಗೇ 3 ಮಿ.ಮೀ. ಸಾಗಿಸಿ, ಮೇಲೆದ್ದಾಗ ಮಡಿಕೆಯ ಒಂದೆರಡು ನೂಲು ಮಾತ್ರ ಎತ್ತಿ ಹೊರತನ್ನಿ. ಮುಂಬದಿಗೆ ಸೂಜಿಮೊನೆ ತಾಗಬಾರದು. ಕೆಳಗಿಟ್ಟ ಎಡಗೈ ಬೆರಳಿಗೆ ಮೊನೆ ತಗುಲಿದರೆ ಆಳ ಹೆಚ್ಚಾಯಿತು ಎಂದರ್ಥ. ಹೀಗೆ ಇಂಚಿಗೆ ಎಂಟು ಹೊಲಿಗೆ, ನಮ್ಮ 280 ಇಂಚಿಗೆ 2,240. ಪಳಗಿದ ಕೈಗೂ ಒಂದೆರಡು ಸಂಜೆ ಬೇಕು.

ಕಾಣುವ ಹೊಲಿಗೆಗೆ ಕಾರಣ ಹತ್ತರಲ್ಲಿ ಒಂಬತ್ತು ಸಲ ಈ ‘ನೇರ ಎದುರು’ ತಪ್ಪುವುದು. ಸೂಜಿ ತುಸು ಮುಂದೆ ಇಳಿದರೆ ದಾರ ಓರೆಯಾಗಿ ಬಿದ್ದು ಮಳೆಹನಿಯ ಗೆರೆಯಂತೆ ಕಾಣುತ್ತದೆ. ತುಸು ಹಿಂದೆ ಇಳಿದರೆ ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ತಪ್ಪುವುದಾದರೆ ಹಿಂದಕ್ಕೆ ತಪ್ಪಲಿ. ಮೂರು–ನಾಲ್ಕು ಹೊಲಿಗೆಗೊಮ್ಮೆ ದಾರವನ್ನು ಹೊಲಿಗೆಯ ಸಾಲಿಗೆ ಸಮಾನಾಂತರವಾಗಿ ಎಳೆದು ಬಿಗಿ ಮಾಡಿ, ಮೇಲಕ್ಕೆ ಎಳೆಯಬೇಡಿ. ಅತಿ ಬಿಗಿದರೆ ಮಡಿಕೆಯಲ್ಲಿ ಗುಳಿ ಬೀಳುತ್ತದೆ, ಸಡಿಲ ಬಿಟ್ಟರೆ ಒಗೆದ ಮೇಲೆ ಕಾಲ್ಬೆರಳು ಸಿಕ್ಕಿಕೊಳ್ಳುವ ಸಂದು ಉಳಿಯುತ್ತದೆ.

ಮೂಲೆಯಲ್ಲಿ ಮುಂಬದಿಯ ಮಡಿಕೆ ಒಂದು ಕಡೆಗೆ ಬಿದ್ದಿದ್ದರೆ ಹಿಂಬದಿಯದನ್ನು ಇನ್ನೊಂದು ಕಡೆಗೆ ಮಡಚಿ, ದಪ್ಪ ಹಂಚಿಹೋಗುತ್ತದೆ. ಓರೆ ಮಡಿಕೆಯ ಬಾಯಿಯನ್ನು ಹಿಂದೆಯೂ ಮುಂದೆಯೂ ಮೂರ್ನಾಲ್ಕು ಹೊಲಿಗೆ ಹಾಕಿ ಮುಚ್ಚಿ. ಬಹಳ ಜನ ಮುಂಬದಿಯದನ್ನು ಬಿಟ್ಟುಬಿಡುತ್ತಾರೆ, ಅದು ವರ್ಷ ಕಳೆದಂತೆ ಬಾಯಿ ಬಿಡುತ್ತದೆ. ಒಂದು ದಾರ ಮುಗಿದಾಗ ಪಟ್ಟಿಯ ಅಡಿಯಲ್ಲಿ ಎರಡು ಪುಟ್ಟ ಹೊಲಿಗೆ ಹಾಕಿ, ಸೂಜಿಯನ್ನು ಹತ್ತಿ ಪದರದೊಳಗೆ ಇಂಚಿನಷ್ಟು ಓಡಿಸಿ ಹೊರತೆಗೆದು ಕತ್ತರಿಸಿ.

ಕೌದಿಗೆ ಇದನ್ನೆಲ್ಲ ಹೇರುವ ಉತ್ಸಾಹ ಬೇಡ ಎಂಬ ಮಾತೂ ಇಲ್ಲೇ ಬರಲಿ. ಉತ್ತರ ಕರ್ನಾಟಕದ ಕೌದಿಯಲ್ಲಿ, ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದ್‌ನಲ್ಲಿ ದಪ್ಪ ದಾರದ ಓಟದ ಹೊಲಿಗೆ ಕಾಣಬೇಕೆಂದೇ ಹಾಕಿದ್ದು. ಸಿದ್ದಿಯರ ಕವಂದ್‌ನ ಮೂಲೆಗೆ ಫುಲಾ ಎಂಬ ಮುಮ್ಮೂಲೆ ಮಡಿಕೆ ಕೂರಿಸಿ ಮುಗಿಸುತ್ತಾರೆ. ಅಂಥದ್ದಕ್ಕೆ ಪಟ್ಟಿ ಸುತ್ತಿ ಹೊಲಿಗೆ ಬಚ್ಚಿಟ್ಟರೆ ಅದರ ಮುಖವನ್ನೇ ಮುಚ್ಚಿದಂತೆ. 80ರ ದಾರ ಆ ಕೆಲಸಕ್ಕೆ ನಿಲ್ಲುವುದೂ ಇಲ್ಲ.

ಔರಿಫಿಲ್‌ನ ದೊಡ್ಡ ಪ್ಲಾಸ್ಟಿಕ್ ರೀಲುಗಳ ತಳ ಬಿಚ್ಚಿ ದಾರದ ತುದಿ ಸಿಕ್ಕಿಸಬಹುದು. 80ರ ಮರದ ರೀಲಿಗೆ ಆ ಸೌಕರ್ಯ ಇಲ್ಲ, ಹೊಲಿಗೆ ಡಬ್ಬಿಯಲ್ಲಿ ನಾಲ್ಕು ಬಣ್ಣ ಒಟ್ಟಿಗಿಟ್ಟರೆ ಮಾರನೆಯ ದಿನ ಜೇಡರಬಲೆ. ಮರದ ರೀಲು ನೋಡಲು ಚಂದ ಅನ್ನುವುದನ್ನು ಬಿಟ್ಟರೆ ಅದರಿಂದ ಬೇರೆ ಪ್ರಯೋಜನ ಕಾಣುವುದಿಲ್ಲ. ಹಳೆಯ ಕಾಲ್ಚೀಲದ ಎಲಾಸ್ಟಿಕ್ ಕತ್ತರಿಸಿ ಒಂದೊಂದು ರೀಲಿಗೂ ತೊಡಿಸಿಡಿ.